ಕತ್ತಲೆಕಾನಿನಲ್ಲಿ ಎರಡು ನಿಮಿಷದ ಬಿಸಿಲು

ನಮ್ಮ ಹಳೆಯ ಮನೆಯ ಅಡುಗೆಮನೆಗೆ ಇದ್ದದ್ದು ಅಂಗೈಯಗಲದ ಒಂದು ಕಿಟಕಿ. ಬೆಳಕು ಬರುತ್ತಿದ್ದದ್ದು ಮಾಡಿನ ಮಣ್ಣಿನ ಹೆಂಚುಗಳ ನಡುವೆ ಕೂರಿಸಿದ್ದ ಒಂದೇ ಒಂದು ಗಾಜಿನ ಹೆಂಚಿನಿಂದ. ಬೆಳಗಿನ ಒಲೆಯ ಹೊಗೆ ಮಾಡಿಗೇರುವ ಹೊತ್ತಿಗೆ ಆ ಬೆಳಕಿಂಡಿಯಿಂದ ಓರೆಯಾಗಿ ಒಂದು ಬಿಸಿಲುಕೋಲು ಇಳಿದು, ಮೊದಲು ಗೋಡೆಯನ್ನು, ಆಮೇಲೆ ಕಟ್ಟಿಗೆಯ ರಾಶಿಯನ್ನು, ಕೊನೆಗೆ ನೆಲವನ್ನು ಮುಟ್ಟುತ್ತಿತ್ತು. ಅಜ್ಜಿ ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ. ಬಿಸಿಲು ಒರಳುಕಲ್ಲಿನ ಹತ್ತಿರ ಬಂದರೆ ಅನ್ನಕ್ಕೆ ಎಸರಿಡುವ ಹೊತ್ತಾಯಿತೆಂದು ಅವಳು ಲೆಕ್ಕ ಹಿಡಿಯುತ್ತಿದ್ದಳು. ಹೊಗೆ ಇಲ್ಲದ ದಿನ ಆ ಕೋಲು ಕಾಣುತ್ತಿರಲಿಲ್ಲ, ನೆಲದ ಮೇಲಿನ ಬಿಸಿಲಿನ ಬಿಲ್ಲೆ ಮಾತ್ರ ಕಾಣುತ್ತಿತ್ತು. ಮಳೆಕಾಡಿನೊಳಗಿನ ಬೆಳಕಿನ ಬಗ್ಗೆ ನಾನು ಕಲಿತ ಮೊದಲ ಪಾಠ ಅದೇ ಎಂದು ಈಗ ಅನ್ನಿಸುತ್ತದೆ. ಆಗ ನನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಅಷ್ಟೆ.

ಕೆಲವು ವರ್ಷಗಳಿಂದ ನಾನು ಮತ್ತೆ ಮತ್ತೆ ಹೋಗುತ್ತಿರುವ ಜಾಗ ಕತ್ತಲೆಕಾನು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ, ಮಾವಿನಗುಂಡಿಯಿಂದ ಹೊನ್ನಾವರದ ಕಡೆಗೆ ಇಳಿಯುವ ಹೆದ್ದಾರಿಯ ಬದಿಯಲ್ಲಿ ಈ ಕಾಡಿದೆ. ಮಲೆನಾಡಿನವರು ಎಲ್ಲ ಕಾಡನ್ನೂ ಕಾನು ಎನ್ನುವುದಿಲ್ಲ. ಎಲೆ ಉದುರುವ ಕಾಡು ಬೇರೆ, ಸೊಪ್ಪಿನ ಬೆಟ್ಟ ಬೇರೆ, ವರ್ಷವಿಡೀ ಹಸಿರಾಗಿಯೂ ತಂಪಾಗಿಯೂ ಇರುವ ಕಾನು ಬೇರೆ. ಅಂಥ ಕಾನುಗಳ ನಡುವೆಯೂ ಒಂದನ್ನು ಮಾತ್ರ ಜನ ಕತ್ತಲೆಯ ಹೆಸರಿನಿಂದ ಗುರುತಿಸಿದ್ದಾರೆ ಎಂದರೆ, ಆ ಹೆಸರಿಟ್ಟವರು ಅಲ್ಲಿನ ಬೆಳಕನ್ನು ಕಣ್ಣಿನಿಂದಲೇ ಅಳೆದಿದ್ದಾರೆ ಎಂದು ನಾನು ತಿಳಿದಿದ್ದೇನೆ. ಛಾಯಾಗ್ರಾಹಕನಿಗೆ ಇದಕ್ಕಿಂತ ನೇರವಾದ ಸೂಚನೆ ಬೇರೆ ಬೇಕಿಲ್ಲ. ಆದರೂ ಆ ಹೆಸರನ್ನು ಸರಿಯಾಗಿ ಓದಿಕೊಳ್ಳಲು ನನಗೆ ಕೆಲವು ವರ್ಷಗಳೇ ಹಿಡಿದವು.

ಮೊದಲು ಆ ಕತ್ತಲೆ ಎಷ್ಟು ಎಂಬುದನ್ನು ನೋಡೋಣ. ದಟ್ಟವಾದ ನಿತ್ಯಹರಿದ್ವರ್ಣ ಕಾಡಿನ ಮೇಲ್ಛಾವಣಿಯ ಮೇಲೆ ಬೀಳುವ ಬೆಳಕಿನಲ್ಲಿ ನೆಲಕ್ಕೆ ತಲುಪುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಬಯಲಿನ ಬಿರುಬಿಸಿಲಿನಲ್ಲಿ ಐಎಸ್‌ಒ 100 (ಕ್ಯಾಮೆರಾ ಬೆಳಕು ಗ್ರಹಿಸುವ ಶಕ್ತಿಯ ಅಳತೆ) ಇಟ್ಟುಕೊಂಡು ಎಫ್/16ರಲ್ಲಿ (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ತೆಗೆದರೆ ಶಟರ್ ಸುಮಾರು 1/100 ಸೆಕೆಂಡು ತೆರೆದರೆ ಸಾಕು ಎಂಬುದು ಛಾಯಾಗ್ರಾಹಕರಿಗೆಲ್ಲ ಬಾಯಿಪಾಠವಾಗಿರುವ ಲೆಕ್ಕ. ಅದನ್ನು ಎಫ್/8ಕ್ಕೆ ತಂದರೆ 1/400 ಸೆಕೆಂಡು. ಬೆಳಕು ನೂರನೆಯ ಒಂದು ಪಾಲಿಗೆ ಇಳಿದರೆ ಶಟರ್ ನೂರು ಪಟ್ಟು ಹೆಚ್ಚು ಹೊತ್ತು ತೆರೆದಿರಬೇಕು, ಅಂದರೆ ಕಾಲು ಸೆಕೆಂಡು. ಕೈಯಲ್ಲಿ ಹಿಡಿದು ತೆಗೆಯುವ ಕಾಲ ಅಲ್ಲಿಗೇ ಮುಗಿಯಿತು. ಇದು ಒಳ್ಳೆಯ ಬಿಸಿಲಿನ ದಿನದ ಮಾತು. ಆರಿದ್ರಾ ಮಳೆ ಹಿಡಿದು, ಹೊರಗಿನ ಬೆಳಕೇ ಹತ್ತನೆಯ ಒಂದು ಪಾಲಿಗೆ ಇಳಿದಿರುವಾಗ ಎರಡೂವರೆ ಸೆಕೆಂಡು ಬೇಕು. ಎಲೆಯ ಮೇಲಿನ ಹೊಳಪು ತೆಗೆಯಲು ಪೋಲರೈಸರ್ ಎಂಬ, ಬೆಳಕನ್ನೂ ತುಸು ತಡೆಯುವ ಫಿಲ್ಟರನ್ನು ಲೆನ್ಸಿಗೆ ಹಾಕಿದರೆ ಏಳೆಂಟು ಸೆಕೆಂಡು. ಅಷ್ಟು ಹೊತ್ತು ಒಂದು ಎಲೆಯೂ ಅಲುಗಬಾರದು. ಅದೃಷ್ಟವಶಾತ್ ಕಾನಿನ ಒಳಗೆ ಗಾಳಿ ಬಹಳ ಕಡಿಮೆ. ಮೇಲೆ ಮರದ ತುದಿಗಳು ಹೊಯ್ದಾಡುತ್ತಿದ್ದರೂ ಕೆಳಗಿನ ಜರಿಗಿಡಗಳು ಗೋಡೆಗೆ ಬರೆದ ಚಿತ್ರದಂತೆ ನಿಂತಿರುತ್ತವೆ.

ತೊಂದರೆ ಬೇರೆಯ ಕಡೆ ಇದೆ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿಗೆ ಕತ್ತಲೆ ಎಂದರೇನೆಂದು ಗೊತ್ತಿಲ್ಲ. ತನ್ನ ಎದುರಿಗಿರುವುದೆಲ್ಲವೂ ಸರಾಸರಿಯಲ್ಲಿ ಮಧ್ಯಮ ಬೂದು ಎಂದು ನಂಬಿ ಅದು ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ನಿರ್ಧರಿಸುತ್ತದೆ. ಬಿಳಿ ಗೋಡೆಯನ್ನು ಮಂಕು ಮಾಡುವ ಹಾಗೆಯೇ ಕಪ್ಪು ಕಾಡನ್ನು ಅದು ಬೆಳಗಿಸುತ್ತದೆ. ಆರಂಭದ ವರ್ಷಗಳಲ್ಲಿ ನಾನು ಅದರ ಮಾತು ಕೇಳಿದೆ. ಕಂಪ್ಯೂಟರಿನಲ್ಲಿ ನೆರಳಿನ ಭಾಗಗಳನ್ನು ಇನ್ನಷ್ಟು ಎಬ್ಬಿಸಿದೆ. ಪ್ರತಿ ಬೇರು, ಪ್ರತಿ ಜರಿ, ಪ್ರತಿ ಕಲ್ಲು ಸ್ಪಷ್ಟವಾಗಿ ಕಾಣಬೇಕು, ಅಷ್ಟು ದೂರ ನಡೆದು ಉಂಬಳ (ಜಿಗಣೆ) ಕಚ್ಚಿಸಿಕೊಂಡು ತಂದ ಚಿತ್ರದಲ್ಲಿ ಯಾವುದೂ ಕತ್ತಲೆಗೆ ಹೋಗಬಾರದು ಎಂಬುದು ನನ್ನ ಆಸೆಯಾಗಿತ್ತು.

ಆ ಚಿತ್ರಗಳಲ್ಲಿ ಒಂದನ್ನು ದೊಡ್ಡದಾಗಿ ಮುದ್ರಿಸಿ ಮನೆಯ ಜಗಲಿಯಲ್ಲಿ ತೂಗುಹಾಕಿದ್ದೆ. ನಮ್ಮ ತೋಟಕ್ಕೆ ನಾಲ್ಕು ದಶಕ ಅಡಿಕೆ ಕೊನೆ ಕೊಯ್ಯಲು ಬರುತ್ತಿದ್ದ, ಈಗ ಮರ ಹತ್ತುವುದನ್ನು ಬಿಟ್ಟಿರುವ ಹಿರಿಯರೊಬ್ಬರು ಒಂದು ದಿನ ಜಗಲಿಯಲ್ಲಿ ಕುಳಿತು ಕವಳ ಹಾಕುತ್ತ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಇದು ಯಾರ ತೋಟ ತಮ್ಮಾ?" ಎಂದು ಕೇಳಿದರು. ಕತ್ತಲೆಕಾನು ಎಂದೆ. ಅವರು ನಂಬಲಿಲ್ಲ. "ಅಲ್ಲಿ ಇಷ್ಟು ಬೆಳಕು ಎಲ್ಲುಂಟು? ಇಷ್ಟು ಬೆಳಕಿದ್ರೆ ಯಾಲಕ್ಕಿ ಹಾಕಬಹುದಿತ್ತು" ಎಂದರು. ಅದು ಟೀಕೆಯಾಗಿರಲಿಲ್ಲ, ಬೆಳಕನ್ನು ನೋಡಿ ಯಾವ ಗಿಡ ಎಲ್ಲಿ ಬದುಕುತ್ತದೆಂದು ಹೇಳಬಲ್ಲ ಮನುಷ್ಯನ ಪ್ರಾಮಾಣಿಕ ಅಂದಾಜಾಗಿತ್ತು. ನನ್ನ ಚಿತ್ರದಲ್ಲಿದ್ದ ಮರ, ಬೇರು, ನೀರು ಎಲ್ಲವೂ ಕತ್ತಲೆಕಾನಿನದೇ. ಬೆಳಕು ಮಾತ್ರ ಅಲ್ಲಿನದಲ್ಲ. ಬೆಳಕು ಬೇರೆಯಾದ ಕೂಡಲೇ ಜಾಗವೂ ಬೇರೆಯಾಗಿಬಿಟ್ಟಿತ್ತು.

ಆ ದಿನದಿಂದ ನನ್ನ ಕೆಲಸದ ರೀತಿ ಬದಲಾಯಿತು. ಈಗ ಮೀಟರ್ ಹೇಳಿದ್ದಕ್ಕಿಂತ ಒಂದರಿಂದ ಎರಡು ಸ್ಟಾಪ್ ಕಡಿಮೆ ಇಟ್ಟೇ ಆರಂಭಿಸುತ್ತೇನೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಎರಡರಷ್ಟು). ಚಿತ್ರದಲ್ಲಿ ಎಲ್ಲಕ್ಕಿಂತ ಬೆಳಗಿರುವ ಭಾಗ ಯಾವುದು ಎಂದು ಮೊದಲು ಹುಡುಕುತ್ತೇನೆ. ಹೆಚ್ಚಿನ ಸಲ ಅದು ಮರದ ಕಾಂಡಕ್ಕೆ ಅಂಟಿದ ಕಲ್ಲುಹೂವಿನ ಬಿಳಿ ತೇಪೆಯಾಗಿರುತ್ತದೆ, ಅಥವಾ ಹಿಂದಿನಿಂದ ಬಿಸಿಲು ತಾಗಿದ ಒಂದೇ ಎಲೆ. ಆ ಭಾಗದ ವಿವರ ಸುಟ್ಟುಹೋಗದಂತೆ ನೋಡಿಕೊಂಡು, ಉಳಿದದ್ದು ಎಷ್ಟು ಕತ್ತಲೆಗೆ ಹೋಗುತ್ತದೋ ಹೋಗಲಿ ಎಂದು ಬಿಡುತ್ತೇನೆ. ಚಿತ್ರದಲ್ಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಎಂದು ತೋರಿಸುವ ಹಿಸ್ಟೋಗ್ರಾಮ್ ಎಂಬ ನಕ್ಷೆಯ ಗುಡ್ಡ ಕತ್ತಲೆಯ ಬದಿಯಾದ ಎಡಗಡೆಗೆ ಒತ್ತಿಕೊಂಡಿರುವುದನ್ನು ಕಂಡು ಮೊದಲು ಭಯವಾಗುತ್ತಿತ್ತು. ಈಗ ಕಾನಿನ ಚಿತ್ರದಲ್ಲಿ ಅದು ಇರಬೇಕಾದ ಜಾಗವೇ ಅದು ಎಂದು ಗೊತ್ತಾಗಿದೆ. ಹಸಿರು ಎಲೆಯನ್ನು ತೆಗೆಯುವಾಗ ಒಟ್ಟು ಹಿಸ್ಟೋಗ್ರಾಮ್ ಸಾಲದು, ಹಸಿರಿನದನ್ನು ಪ್ರತ್ಯೇಕವಾಗಿ ನೋಡಬೇಕು, ಯಾಕೆಂದರೆ ಬಿಸಿಲು ತೂರಿಬಂದ ಎಲೆಯಲ್ಲಿ ಮೊದಲು ಸುಡುವುದು ಅದೇ. ಮೊಬೈಲಿನಲ್ಲಿ ತೆಗೆಯುವವರು ಆ ಬೆಳಗಿದ ಎಲೆಯ ಮೇಲೆ ಬೆರಳಿಟ್ಟು ಒತ್ತಿಹಿಡಿದು, ಎಕ್ಸ್‌ಪೋಷರಿನ ಗುರುತನ್ನು ಕೆಳಗೆ ಎಳೆದರೆ ಅರ್ಧ ಕೆಲಸ ಆಗುತ್ತದೆ. ಇನ್ನರ್ಧ ಕೆಲಸ, ಕತ್ತಲೆ ಕಂಡ ಕೂಡಲೇ ತಾನಾಗಿ ಎದ್ದುಬರುವ ನೈಟ್ ಮೋಡನ್ನು ನಿಲ್ಲಿಸಿಬಿಡುವುದು. ಅದು ಹಲವು ಫ್ರೇಮುಗಳನ್ನು ಸೇರಿಸಿ ಇಲ್ಲದ ಹಗಲನ್ನು ಕಟ್ಟಿಕೊಡುತ್ತದೆ.

ಇನ್ನು ನೆಲದ ಮೇಲೆ ಬೀಳುವ ಬಿಸಿಲಿನ ಬಿಲ್ಲೆಗಳ ವಿಷಯ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಬರೆಯಬೇಕು, ಏಕೆಂದರೆ ಕಾನಿನ ಬೆಳಕೆಂದರೆ ನನಗೆ ಮುಖ್ಯವಾಗಿ ಇದೇ. ಎಲೆಗಳ ನಡುವಿನ ಸಂದುಗಳು ಗುಂಡಾಗಿಲ್ಲ. ಹರಿದ, ಮೊನಚಾದ, ಯಾವುದೋ ಆಕಾರದ ತೂತುಗಳು. ಆದರೂ ನೆಲದ ಮೇಲೆ ಬೀಳುವ ಬಿಲ್ಲೆಗಳು ಗುಂಡಗೆ ಅಥವಾ ಅಂಡಾಕಾರಕ್ಕೆ ಇರುತ್ತವೆ. ಯಾಕೆಂದರೆ ಅವು ತೂತಿನ ಆಕಾರವಲ್ಲ, ಸೂರ್ಯನ ಬಿಂಬಗಳು. ಪ್ರತಿಯೊಂದು ಸಣ್ಣ ಸಂದೂ ಸೂಜಿರಂಧ್ರದ ಕ್ಯಾಮೆರಾದಂತೆ ಕೆಲಸ ಮಾಡಿ ಸೂರ್ಯನ ಚಿತ್ರವನ್ನು ನೆಲಕ್ಕೆ ಇಳಿಸುತ್ತಿರುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಾದಾಗ ಕೊಡಗಿನ ದಕ್ಷಿಣ ಭಾಗದಲ್ಲಿಯೂ ಉತ್ತರ ಕೇರಳದಲ್ಲಿಯೂ ಅದು ಕಂಕಣವಾಗಿ ಕಂಡಿತು, ನಮ್ಮ ಕಡೆ ಪಾರ್ಶ್ವಗ್ರಹಣ. ಆ ಹೊತ್ತಿನಲ್ಲಿ ಅಂಗಳದ ಮಾವಿನ ಮರದ ಕೆಳಗೆ ನೋಡಿದಾಗ ಬಿಲ್ಲೆಗಳೆಲ್ಲವೂ ಬಿದಿಗೆಯ ಚಂದ್ರನ ಆಕಾರಕ್ಕೆ ತಿರುಗಿದ್ದವು. ನೂರಾರು ಕುಡುಗೋಲುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ನೆಲಕ್ಕೆ ಹರವಿಟ್ಟ ಹಾಗೆ.

ಈ ಬಿಂಬದ ಗಾತ್ರವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ, ಹಾಗಾಗಿ ಸಂದು ಎಷ್ಟು ಎತ್ತರದಲ್ಲಿದೆಯೋ ಅದರ ಸುಮಾರು 108ನೆಯ ಒಂದು ಪಾಲು ಬಿಂಬದ ಅಗಲ. ಸೂರ್ಯ ನೆತ್ತಿಯ ಮೇಲಿದ್ದು ಸಂದು 30 ಮೀಟರ್ ಎತ್ತರದಲ್ಲಿದ್ದರೆ ಬಿಂಬ 28 ಸೆಂಟಿಮೀಟರ್, ಅಂದರೆ ಗೇಣಿಗೆ ತುಸು ಹೆಚ್ಚು. ಆ ಎತ್ತರದಲ್ಲಿ ಅಷ್ಟು ದೊಡ್ಡ ಸಂದು ಇರುವುದು ಕಡಿಮೆ. ಹೆಚ್ಚಿನವು ಬೆರಳಗಲದವು, ಅಂಗೈಯಗಲದವು. ಹಾಗಾಗಿ ಆ ಬಿಲ್ಲೆಗೆ ತಲುಪುವುದು ಪೂರ್ತಿ ಬಿಸಿಲಲ್ಲ, ಅದರ ಒಂದು ಪಾಲು ಮಾತ್ರ. ಅಂಚು ಚೂಪಾಗಿರದೆ ಹಬೆಯಂತೆ ಕರಗುತ್ತದೆ. ಕಾನಿನ ಬಿಸಿಲು ಅಂಗಳದ ಬಿಸಿಲಿನಂತೆ ಕಣ್ಣು ಕುಕ್ಕದೆ ಇರುವುದು ಇದರಿಂದಲೇ. ಮರ ಬಿದ್ದು ದೊಡ್ಡ ಕಿಂಡಿಯಾದ ಜಾಗದಲ್ಲಿ ಮಾತ್ರ ನಿಜವಾದ ಬಿರುಬಿಸಿಲು ನೆಲ ಮುಟ್ಟುತ್ತದೆ. ಅಲ್ಲಿ ಬೆಳಕಿಗೂ ನೆರಳಿಗೂ ನಡುವೆ ಆರೇಳು ಸ್ಟಾಪಿನ ಅಂತರವಿದ್ದು ಚಿತ್ರ ತೆಗೆಯುವುದು ನಿಜಕ್ಕೂ ಕಷ್ಟ, ನಾನು ಅಂಥ ಜಾಗವನ್ನು ಮೋಡದ ದಿನಕ್ಕೆ ಕಾದಿರಿಸುತ್ತೇನೆ.

ಸೂರ್ಯ ತನ್ನ ಅಗಲದಷ್ಟು ದೂರವನ್ನು ಆಕಾಶದಲ್ಲಿ ಕ್ರಮಿಸಲು ಎರಡು ನಿಮಿಷ ಬೇಕು. ಆದ್ದರಿಂದ ನೆಲದ ಮೇಲಿನ ಬಿಲ್ಲೆಯೂ ತನ್ನ ಅಗಲದಷ್ಟು ಸರಿಯಲು ಎರಡೇ ನಿಮಿಷ. ಇದು ಪುಸ್ತಕದ ಲೆಕ್ಕ. ಕಾನಿನಲ್ಲಿ ಕುಳಿತಾಗ ಅದು ಬೇರೆಯೇ ಆಗಿ ಅನುಭವಕ್ಕೆ ಬರುತ್ತದೆ. ಒಂದು ಫೆಬ್ರವರಿಯಲ್ಲಿ ತೊರೆಯ ಬದಿಯ ಬೇರೊಂದರ ಎದುರು ಟ್ರೈಪಾಡ್ ನಿಲ್ಲಿಸಿ ಕುಳಿತಿದ್ದೆ. ಜೊತೆಗೆ ಬಂದಿದ್ದ ಅದೇ ಹಿರಿಯರು ಮೇಲಕ್ಕೊಮ್ಮೆ ನೋಡಿ, "ತಡಿ ತಮ್ಮಾ, ಅದು ಇಲ್ಲಿಗೇ ಬರ್ತದೆ" ಎಂದು ಒಂದೂವರೆ ಮಾರು ದೂರದ ಬಿಲ್ಲೆಯೊಂದನ್ನು ತೋರಿಸಿದರು. ಅದು ಒಣಗಿದ ಎಲೆಗಳ ಮೇಲೆ ಹರಿದು, ಒಂದು ಕಲ್ಲಿನ ಅಂಚಿನಲ್ಲಿ ಮಡಚಿಕೊಂಡು, ನಡುವೆ ಮೋಡ ಬಂದಾಗ ಮಾಯವಾಗಿ, ಮತ್ತೆ ಹುಟ್ಟಿ, ಹತ್ತಿರ ಹತ್ತಿರ ಕಾಲು ಗಂಟೆಯ ಹೊತ್ತಿಗೆ ಬೇರಿನ ಬುಡಕ್ಕೆ ಬಂತು. ಮೊದಲು ಬೇರಿನ ಮೇಲಿನ ಪಾಚಿಯ ತುದಿಗಳು ಒಂದೊಂದಾಗಿ ಹೊತ್ತಿಕೊಂಡವು. ಆಮೇಲೆ ಪಾಚಿಯ ಮೇಲೆ ನಿಂತಿದ್ದ ನೀರಿನ ಹನಿ. ಆ ಹನಿಯ ಒಳಗೆ ತಲೆಕೆಳಗಾದ ಇಡೀ ಕಾಡು ಕಾಣುತ್ತಿತ್ತು. ಬಿಲ್ಲೆ ಬೇರಿನ ನೆತ್ತಿಗೇರಿ ಪೂರ್ತಿ ಕೂತದ್ದು ಅರೆ ನಿಮಿಷ ಇರಬಹುದು. ನಾನು ಮೂರು ಚಿತ್ರ ತೆಗೆದೆ. ನಾಲ್ಕನೆಯದಕ್ಕೆ ಬೇರು ಮತ್ತೆ ಕಪ್ಪಾಗಿತ್ತು.

ನೆಲದ ಗಿಡಗಳೂ ಇದೇ ಗಳಿಗೆಗೆ ಕಾಯುತ್ತಿರುತ್ತವೆ ಎಂಬುದನ್ನು ಸಸ್ಯವಿಜ್ಞಾನಿಗಳು ತೋರಿಸಿದ್ದಾರೆ. ಇಡೀ ದಿನದಲ್ಲಿ ಒಂದು ಸಸಿಗೆ ಸಿಗುವ ಒಟ್ಟು ಬೆಳಕಿನಲ್ಲಿ ದೊಡ್ಡ ಪಾಲು ಇಂಥ ಕೆಲವೇ ನಿಮಿಷಗಳ ಬಿಲ್ಲೆಗಳಿಂದ ಬರುವುದುಂಟು. ಮೊದಲ ಬಿಲ್ಲೆ ತಾಗಿದಾಗ ಎಲೆ ನಿಧಾನವಾಗಿ ಕೆಲಸಕ್ಕೆ ಸಿದ್ಧವಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಎರಡನೆಯದು ಬಂದರೆ ಅದನ್ನು ಹೆಚ್ಚು ಚೆನ್ನಾಗಿ ಬಳಸಿಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ನೆಲದ ಮೇಲಿನ ಬಿಸಿಲನ್ನು ಅಲಂಕಾರ ಎಂದು ನೋಡುವುದು ನನ್ನಿಂದಾಗಲಿಲ್ಲ. ಆ ಬೆಳಕು ಬಿದ್ದ ಸಸಿ ಅದೇ ಗಳಿಗೆಯಲ್ಲಿ ಉಣ್ಣುತ್ತಿರುತ್ತದೆ.

ಬೆಳಕು ಬಂಗಾರದ ಬಣ್ಣಕ್ಕಿರುವ ಬೆಳಗು ಸಂಜೆಗಳಲ್ಲೇ ಚಿತ್ರ ತೆಗೆಯಬೇಕೆಂದು ಹೊಸಬರಿಗೆಲ್ಲ ಹೇಳಿಕೊಡುತ್ತಾರೆ. ಆ ಉಪದೇಶ ಕಾನಿನ ಹೊರಗಿನದು. ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ ಅವನ ಕಿರಣ ಎಲೆಗಳ ಛಾವಣಿಯೊಳಗೆ ಸಾಗಬೇಕಾದ ದೂರ, ನೆತ್ತಿಯ ಮೇಲಿದ್ದಾಗಿನದರ ಎರಡರಷ್ಟು. ಇನ್ನೂ ಕೆಳಗಿದ್ದರೆ ಇನ್ನೂ ಹೆಚ್ಚು. ಹೊಂಬಿಸಿಲು ಮರದ ತುದಿಗಳಲ್ಲೇ ಖರ್ಚಾಗಿಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ. ಕತ್ತಲೆಕಾನಿನ ನೆಲಕ್ಕೆ ಬಿಸಿಲು ತಲುಪುವುದು ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ, ಅಂದರೆ ಛಾಯಾಗ್ರಾಹಕರು ಕ್ಯಾಮೆರಾ ಚೀಲಕ್ಕೆ ಹಾಕಿ ಊಟಕ್ಕೆ ಹೋಗುವ ಹೊತ್ತಿನಲ್ಲಿ. ವರ್ಷದಲ್ಲೂ ಹೀಗೇ. ಈ ಸೀಮೆ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಹುಟ್ಟುವ ಹೊತ್ತಿಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಆಶ್ಲೇಷ ಮುಗಿಯುವ ಹೊತ್ತಿಗೆ ಇನ್ನೊಮ್ಮೆ. ಎರಡನೆಯದನ್ನು ಮೋಡ ನುಂಗುತ್ತದೆ. ಹೀಗಾಗಿ ಕಾನಿನ ನೆಲಕ್ಕೆ ಬಿಸಿಲು ಕಂಬದಂತೆ ನೆಟ್ಟಗೆ ಇಳಿಯುವುದನ್ನು ನೋಡಬೇಕಾದರೆ ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನವೇ ಸರಿ. ಬೆವರು ಕಣ್ಣಿಗಿಳಿಯುವ ಕಾಲ, ಆದರೂ ನಾನು ಆ ವಾರವನ್ನು ತಪ್ಪಿಸುವುದಿಲ್ಲ.

ಸೂರ್ಯನ ದಾರಿ ತೋಟಿಗರಿಗೆ ಹೊಸದಲ್ಲ. ತೋಟದ ಪಡುವಣ ಅಂಚಿನಲ್ಲಿ ತೆರೆದು ನಿಂತ ಎಳೆಯ ಅಡಿಕೆ ಮರಗಳ ಕಾಂಡ ನೈಋತ್ಯದ ಬಿಸಿಲಿಗೆ ಸುಟ್ಟು ಸೀಳುತ್ತದೆಂದು ಅಪ್ಪಯ್ಯ ಮಳೆಗಾಲ ಮುಗಿದ ಕೂಡಲೇ ಅವುಗಳಿಗೆ ಸೋಗೆ ಕಟ್ಟಿಸುತ್ತಿದ್ದರು. ಯಾವ ಮರಕ್ಕೆ ಯಾವ ತಿಂಗಳಲ್ಲಿ ಎಷ್ಟು ಹೊತ್ತಿಗೆ ಬಿಸಿಲು ತಾಗುತ್ತದೆಂಬುದು ಅವರಿಗೆ ತಲೆಯಲ್ಲೇ ಇತ್ತು. ನಾನು ಈಗ ಕಾನಿಗೆ ಹೋಗುವಾಗ ಕಿರುಪುಸ್ತಕವೊಂದರಲ್ಲಿ ಬರೆದುಕೊಳ್ಳುವುದೂ ಅದನ್ನೇ: ಯಾವ ಬೇರಿಗೆ, ಯಾವ ದಿನ, ಎಷ್ಟು ಗಂಟೆಗೆ. ಮುಂದಿನ ವರ್ಷ ಅದೇ ದಿನ, ನಡುವೆ ಒಂದು ಕೊಂಬೆ ಬೆಳೆದು ಅಡ್ಡ ಬಾರದಿದ್ದರೆ, ಬಿಸಿಲು ಅಲ್ಲಿಗೇ ಬರುತ್ತದೆ.

ಮೋಡದ ಬೆಳಕು ಬೇರೆ ಜಾತಿಯದು. ಆಗ ಬಿಲ್ಲೆಗಳಿಲ್ಲ, ಕೋಲುಗಳಿಲ್ಲ, ಆಕಾಶವೇ ಒಂದು ದೊಡ್ಡ ಬಿಳಿ ದೀಪವಾಗಿ ಎಲ್ಲ ಸಂದುಗಳಿಂದಲೂ ಸಮನಾಗಿ ಇಳಿಯುತ್ತದೆ. ಎಲೆ, ತೊಗಟೆ, ಪಾಚಿ, ಜರಿ ಎಲ್ಲದರ ಮೈ ವಿವರ ಚೆನ್ನಾಗಿ ಬರುವುದು ಈ ಬೆಳಕಿನಲ್ಲಿಯೇ. ಕಾನಿನ ಒಳನೋಟವನ್ನು ಇಡಿಯಾಗಿ ತೆಗೆಯುವವರು ಬಿಸಿಲಿಗಿಂತ ಇದನ್ನೇ ಆರಿಸಿಕೊಳ್ಳಬೇಕು. ತೊಂದರೆಯೆಂದರೆ ಒದ್ದೆ ಎಲೆಗಳೆಲ್ಲ ಬಿಳಿ ಆಕಾಶವನ್ನು ಕನ್ನಡಿಯಂತೆ ಪ್ರತಿಫಲಿಸಿ ಬೂದಿ ಎರಚಿದಂತೆ ಕಾಣುತ್ತವೆ. ಪೋಲರೈಸರನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಆ ಬೂದಿ ಕಳಚಿಬಿದ್ದು ಒಳಗಿನ ಹಸಿರು ಎದ್ದುಬರುತ್ತದೆ. ಪೂರ್ತಿ ಕಳಚಬಾರದು, ಸ್ವಲ್ಪ ಹೊಳಪು ಉಳಿಯದಿದ್ದರೆ ಎಲೆ ಒದ್ದೆಯಾಗಿತ್ತು ಎಂಬುದೇ ಚಿತ್ರದಲ್ಲಿ ಸುಳ್ಳಾಗುತ್ತದೆ. ಇನ್ನೊಂದು ತೊಡಕು, ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಹೊರಗೆ ಮಳೆ ಬಿಟ್ಟು ಅರ್ಧ ಗಂಟೆ ಕಳೆದರೂ ಮೇಲಿನ ಎಲೆಗಳಿಂದ ದಪ್ಪ ಹನಿಗಳು ಬಿದ್ದು ಕೆಳಗಿನ ಎಲೆಗಳು ತಲೆಯಾಡಿಸುತ್ತಿರುತ್ತವೆ, ಎಂಟು ಸೆಕೆಂಡಿನ ಚಿತ್ರದಲ್ಲಿ ಅವು ಹೊಗೆಯಾಗುತ್ತವೆ. ಕಾಯುವುದು ಬಿಟ್ಟರೆ ಬೇರೆ ದಾರಿ ನನಗೆ ಸಿಕ್ಕಿಲ್ಲ.

ಬಿಸಿಲುಕೋಲು ಕಾಣಬೇಕಾದರೆ ಬಿಸಿಲೂ ಬೇಕು, ಅದನ್ನು ಚದುರಿಸುವ ಹಬೆಯೂ ಬೇಕು. ಅಜ್ಜಿಯ ಅಡುಗೆಮನೆಯಲ್ಲಿ ಒಲೆಯ ಹೊಗೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮಂಜು ಮಾಡುತ್ತದೆ. ಮಳೆಗಾಲ ಹಿಂದೆ ಸರಿಯುವ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ರಾತ್ರಿ ಮಳೆ ಸುರಿದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಬಂದ ದಿನ, ನೆಲದಿಂದ ಹಬೆಯೇಳುತ್ತ ಕಾನಿನ ತುಂಬ ಕೋಲುಗಳು ನಿಲ್ಲುತ್ತವೆ. ಬೆಳಕಿಗೆ ಎದುರಾಗಿ ನಿಂತರೆ ಅವು ಎದ್ದು ಕಾಣುತ್ತವೆ, ಬೆನ್ನು ಹಾಕಿದರೆ ಬಹುಮಟ್ಟಿಗೆ ಮಾಯವಾಗುತ್ತವೆ, ಏಕೆಂದರೆ ನೀರಿನ ಕಣಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಸೂರ್ಯನನ್ನು ಒಂದು ಕಾಂಡದ ಹಿಂದೆ ಅಡಗಿಸಿ ನಿಲ್ಲುವುದು ನನ್ನ ರೂಢಿ.

ಬಣ್ಣದ ಮಾತು ಬಾಕಿ ಇದೆ. ಎಲೆಗಳು ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸಿರನ್ನು ಕೆಳಗೆ ಬಿಡುವುದರಿಂದ ಕಾನಿನೊಳಗಿನ ಬೆಳಕೇ ಹಸಿರು. ನಮ್ಮ ಕಣ್ಣು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಕೊಂಡು ಬಿಳಿಯನ್ನು ಬಿಳಿಯಾಗಿಯೇ ಕಾಣುತ್ತದೆ, ಕ್ಯಾಮೆರಾ ಒಗ್ಗಿಕೊಳ್ಳುವುದಿಲ್ಲ. ಅಥವಾ ತಾನಾಗಿ ಸರಿಪಡಿಸಲು ಹೋಗಿ ಇಡೀ ಕಾಡಿಗೆ ನಸುಗೆಂಪು ಬಳಿಯುತ್ತದೆ. ನಾನು ಬೂದು ಬಣ್ಣದ ಕಾರ್ಡೊಂದನ್ನು ಅದೇ ಬೆಳಕಿನಲ್ಲಿ ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ, ಚಿತ್ರಗಳನ್ನು ಕ್ಯಾಮೆರಾ ತಿದ್ದದೆ ಕೊಡುವ ರಾ ರೂಪದಲ್ಲಿ ಉಳಿಸುತ್ತೇನೆ, ಮನೆಗೆ ಬಂದ ಮೇಲೆ ಆ ಕಾರ್ಡಿನಂತೆ ಪೂರ್ತಿ ತಿದ್ದದೆ ಅರ್ಧಕ್ಕೆ ನಿಲ್ಲಿಸುತ್ತೇನೆ. ಪೂರ್ತಿ ತಿದ್ದಿದರೆ ತೊಗಟೆಯ ಬಣ್ಣ ಸರಿಯಾಗುತ್ತದೆ, ಆದರೆ ಹಸಿರು ನೀರಿನೊಳಗೆ ನಿಂತಂತೆ ಅನ್ನಿಸುವ ಆ ಭಾವ ಹೊರಟುಹೋಗುತ್ತದೆ.

ಕತ್ತಲೆಕಾನಿನ ವಿಶೇಷವೆಂದರೆ ಅಲ್ಲಿ ಬೆಳಕು ಕೆಳಗಿನಿಂದಲೂ ಬರುತ್ತದೆ. ಇಲ್ಲಿ ರಾಮಪತ್ರೆ ಜಾತಿಯ ಮರಗಳ ಜಡ್ಡಿಗಳಿವೆ. ಬೇಸಿಗೆಯಲ್ಲೂ ನೀರು ಆರದ ಜೌಗು ನೆಲದಲ್ಲಿ ಮರಗಳು ನಿಂತು, ಬೇರುಗಳು ಉಸಿರಾಡಲು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿಯುತ್ತವೆ. ಆ ಬೇರುಗಳ ನಡುವೆ ನಿಂತ ತೆಳು ನೀರು ಮೇಲಿನ ಕಿಂಡಿಗಳ ಆಕಾಶವನ್ನು ಹಿಡಿದು, ಬೇರಿನ ಅಡಿಮೈಗೆ ಎರಚುತ್ತದೆ. ನೀರು ಅಲುಗಿದಾಗ ಬೇರಿನ ಹೊಟ್ಟೆಯ ಮೇಲೆ ಬೆಳಕಿನ ಗೆರೆಗಳು ಹರಿದಾಡುತ್ತವೆ. ಇಲ್ಲಿ ಪೋಲರೈಸರ್ ಹಾಕಿದರೆ ಆ ನೀರಿನ ಆಕಾಶವೇ ಆರಿಹೋಗುತ್ತದೆ, ಹಾಗಾಗಿ ಜಡ್ಡಿಗೆ ಇಳಿಯುವ ಮೊದಲೇ ಅದನ್ನು ಕಳಚಿ ಜೇಬಿಗೆ ಹಾಕುತ್ತೇನೆ. ಜಗಲಿಯಲ್ಲಿ ಈಗ ತೂಗುತ್ತಿರುವುದು ಅಂಥದೊಂದು ಚಿತ್ರ. ಮುಕ್ಕಾಲು ಭಾಗ ಕಪ್ಪು, ಅಡಿಯಲ್ಲಿ ಎರಡು ಬೆರಳಗಲದ ನೀರಿನ ಬೆಳಕು, ಅದರ ಮೇಲೆ ಬಾಗಿದ ಒಂದು ಬೇರು. ಹಿರಿಯರು ಅದನ್ನು ನೋಡಿ, ಆ ಬೇರಿನಿಂದ ತೊರೆ ಯಾವ ಕಡೆಗೆ ತಿರುಗುತ್ತದೆಂದು ಬೆರಳಿನಿಂದ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದರು.

ಫ್ಲಾಶ್ ಬಳಸುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಫ್ಲಾಶಿನ ಬೆಳಕು ದೂರ ಎರಡರಷ್ಟಾದರೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಎದುರಿನ ಎಲೆ ಬೆಳ್ಳಗಾಗಿ ಹಿಂದಿನದೆಲ್ಲ ಮಸಿಯಾಗುತ್ತದೆ. ಕಾನಿನ ಕತ್ತಲೆ ಮಸಿಯಲ್ಲ, ಅದರಲ್ಲಿ ಪದರಗಳಿವೆ, ಹತ್ತಿರದ ಕಪ್ಪು, ಅದರ ಹಿಂದಿನ ಹಸಿರುಗಪ್ಪು, ಅದರಾಚೆಯ ಮಬ್ಬು. ಹಿಂದೆ ಫಿಲ್ಮಿನ ಕಾಲದಲ್ಲಿ ಬೇರೆ ಗತಿಯಿರಲಿಲ್ಲ. ಕೊಡಾಕ್ರೋಮ್ 64, 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯ 50 ಇವೆಲ್ಲ ಬೆಳಕಿಗೆ ಬಹಳ ಮಂದವಾದ ಫಿಲ್ಮುಗಳು, ಜೊತೆಗೆ ಹಲವು ಸೆಕೆಂಡುಗಳ ಎಕ್ಸ್‌ಪೋಷರಿನಲ್ಲಿ ಅವುಗಳ ಗ್ರಹಣಶಕ್ತಿ ಇನ್ನಷ್ಟು ಕುಸಿಯುತ್ತಿತ್ತು. ಆ ಕಾಲದ ಹಿರಿಯ ಛಾಯಾಗ್ರಾಹಕರು ಮಾಡಿದ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಈಗಿನ ಸೆನ್ಸರುಗಳು ಕತ್ತಲೆಯ ಒಳಗಿನ ಪದರಗಳನ್ನು ಹಿಡಿಯಬಲ್ಲವು. ಹಾಗಿರುವಾಗ ಆ ಶಕ್ತಿಯನ್ನು ಕತ್ತಲೆಯನ್ನು ಅಳಿಸಲು ಬಳಸುವುದು ನನಗೆ ಸರಿಕಾಣುವುದಿಲ್ಲ. ಹಲವು ಎಕ್ಸ್‌ಪೋಷರುಗಳನ್ನು ಬೆರೆಸಿ ಮೂಲೆಮೂಲೆಯನ್ನೂ ಬೆಳಗಿಸಿದ ಮಳೆಕಾಡಿನ ಚಿತ್ರಗಳನ್ನು ನೋಡಿದಾಗ, ಅಲ್ಲಿಗೆ ಎಂದೂ ಹೋಗದವರು ಕಾನನ್ನು ಉದ್ಯಾನವೆಂದು ತಿಳಿಯುತ್ತಾರಲ್ಲ ಎಂದು ಸಂಕಟವಾಗುತ್ತದೆ.

ಒಂದು ಅಪವಾದವನ್ನು ಹೇಳಲೇಬೇಕು. ಸಿಂಗಳೀಕಗಳು ಮೇಲ್ಛಾವಣಿಯಲ್ಲಿ ಬಂದಾಗ ಲೆಕ್ಕವೆಲ್ಲ ತಿರುವುಮುರುವು. ಕಪ್ಪು ಮೈಯ ಪ್ರಾಣಿ, ಹಿಂದೆ ಬಿಳಿ ಆಕಾಶ. ಮೀಟರನ್ನು ನಂಬಿದರೆ ಬರೀ ನೆರಳಿನ ಗೊಂಬೆ ಸಿಗುತ್ತದೆ. ಆಗ ಎರಡು ಸ್ಟಾಪ್ ಹೆಚ್ಚಿಸಿ, ಆಕಾಶ ಸುಟ್ಟುಹೋಗಲೆಂದು ಬಿಟ್ಟು, ಮುಖದ ಸುತ್ತಲಿನ ಬೂದು ಕೇಸರವನ್ನು ಉಳಿಸಿಕೊಳ್ಳಬೇಕು.

ಜಡ್ಡಿಯ ನೆಲ ಬಹಳ ಸೂಕ್ಷ್ಮವಾದದ್ದು. ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು ವಿಜ್ಞಾನಿಗಳು ಇದೇ ಕಾಡಿನಲ್ಲಿ ಗುರುತಿಸಿ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಕತ್ತಲೆ ಎಂಬ ನಮ್ಮ ಮಾತು ಹಾಗೆಯೇ ಲ್ಯಾಟಿನ್ ಹೆಸರಿನೊಳಗೆ ಕುಳಿತಿದೆ. ಅಂಥ ಅಪರೂಪದ ಮರಗಳ ಸಸಿಗಳು ಕಾಲಿಗೆ ಸಿಗುವಷ್ಟು ಸಣ್ಣದಾಗಿ ಕೆಸರಿನಲ್ಲಿರುತ್ತವೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗಬಾರದು, ಹೋದರೂ ಗುಂಪಾಗಿ ಹೋಗಬಾರದು. ಟ್ರೈಪಾಡಿನ ಕಾಲನ್ನು ಉಸಿರಾಡುವ ಬೇರಿನ ಮೇಲೆ ಊರಬಾರದು. ಚೌಕಟ್ಟಿಗೆ ಅಡ್ಡ ಬಂದ ಎಲೆಯನ್ನು ಕಿತ್ತು ಚಿತ್ರ ತೆಗೆಯುವವರನ್ನು ನಾನು ಕಂಡಿದ್ದೇನೆ. ಆ ಎಲೆ ದಿನಕ್ಕೆ ಕೆಲವೇ ನಿಮಿಷಗಳ ಬಿಸಿಲನ್ನು ಉಂಡು ಎಷ್ಟು ತಿಂಗಳಲ್ಲಿ ಅಷ್ಟು ಅಗಲವಾಗಿರಬಹುದೆಂದು ಅವರಿಗೆ ಹೊಳೆದಿದ್ದರೆ ಕೈ ಹೋಗುತ್ತಿರಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ನಾನು ಸಾಮಾನು ಕಟ್ಟುತ್ತೇನೆ. ಹೊರಗೆ ಇನ್ನೂ ಒಳ್ಳೆಯ ಬಿಸಿಲಿದ್ದರೂ ಜಡ್ಡಿಯಲ್ಲಿ ಆಗಲೇ ದೀಪ ಹಚ್ಚುವ ಹೊತ್ತಿನ ಮಬ್ಬು. ಕೊನೆಯದಾಗಿ 30 ಸೆಕೆಂಡಿನ ಒಂದು ಚಿತ್ರವನ್ನು ತೆಗೆಯುವುದು ರೂಢಿ. ಅದರಲ್ಲಿ ಹೆಚ್ಚಿನ ಸಲ ನೀರು ಮಾತ್ರ ಮೂಡುತ್ತದೆ. ಆಮೇಲೆ ಮೊಣಕಾಲಿನವರೆಗೆ ಒಮ್ಮೆ ಉಂಬಳ ನೋಡಿಕೊಂಡು, ತೊರೆಯ ದಾರಿ ಹಿಡಿದು ಮೇಲಕ್ಕೆ ಹತ್ತಿ, ಹೆದ್ದಾರಿಯ ಅಂಚಿಗೆ ಬಂದು ನಿಲ್ಲುತ್ತೇನೆ. ಇಡೀ ದಿನ ಹಸಿರು ಬೆಳಕಿಗೆ ಒಗ್ಗಿದ ಕಣ್ಣಿಗೆ ಆ ಮೊದಲ ಗಳಿಗೆಯಲ್ಲಿ ರಸ್ತೆಯ ಬದಿಯ ಧರೆ, ಹಾದುಹೋಗುವ ಲಾರಿ, ನನ್ನ ಅಂಗೈ ಎಲ್ಲವೂ ಕುಂಕುಮ ತಾಗಿದಂತೆ ಕೆಂಪಾಗಿ ಕಾಣುತ್ತವೆ. ಮೆಲ್ಲನೆ ಆ ಕೆಂಪು ಇಳಿದು, ಧರೆ ಮತ್ತೆ ಬರಿಯ ಜಂಬಿಟ್ಟಿಗೆಯ ಮಣ್ಣಾಗುತ್ತದೆ.